ಹಗೇವಿನ ಮೇಲಿನ ಹಿಡಿ ಜೋಳ

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಬಂದ ಮೂಗು-ಗಂಟಲ ದ್ರವವನ್ನು ಆರ್‌ಟಿ-ಪಿಸಿಆರ್ ಯಂತ್ರಕ್ಕೆ ಹಾಕುವುದು ನನ್ನ ಕೆಲಸ. ವರದಿ ಹೊರಬೀಳುವ ಮೊದಲೇ ಫೋನ್ ಬರುತ್ತಿತ್ತು: 'ಸರ, ಸಿಟಿ ಎಷ್ಟ ಬಂದದರೀ?'

ಸಿಟಿಯದು ಉಲ್ಟಾ ಲೆಕ್ಕ. ಯಂತ್ರದ ಒಂದೊಂದು ಸುತ್ತಿಗೂ ವೈರಸ್ಸಿನ ತುಣುಕುಗಳು ದುಪ್ಪಟ್ಟಾಗುತ್ತವೆ. ಎಷ್ಟನೇ ಸುತ್ತಿಗೆ ಅವು ಕಾಣಿಸಿಕೊಂಡವು ಎಂಬುದೇ ಆ ಅಂಕಿ. ಕಡಿಮೆ ಅಂಕಿ ಬಂದರೆ ವೈರಸ್ ಹೆಚ್ಚು. ಹತ್ತು ಸುತ್ತಿನ ಅಂತರವೆಂದರೆ ಸುಮಾರು ಸಾವಿರ ಪಟ್ಟು.

ಸಿಂದಗಿ ಕಡೆಯ ಹಿರಿಯರೊಬ್ಬರಿಗೆ 33 ಬಂತು. ಮಗ ಫೋನ್ ಮಾಡಿದಾಗ 'ವೈರಸ್ ಭಾಳ ಕಡಿಮಿ ಅದ, ಧೈರ್ಯದಿಂದ ಇರ್ರಿ' ಅಂದೆ. ಅಂದಿಗೆ ಅವರಿಗೆ ಜ್ವರ ಬಂದು ಒಂಬತ್ತು ದಿನವಾಗಿತ್ತು. ನಾನು ಅದನ್ನು ಕೇಳಿರಲೇ ಇಲ್ಲ. ಮತ್ತೆರಡು ದಿನ ಕಾದು ಆಸ್ಪತ್ರೆಗೆ ತಂದಾಗ ಆಕ್ಸಿಜನ್ 78ಕ್ಕೆ ಇಳಿದಿತ್ತು. ಅವರು ಉಳಿಯಲಿಲ್ಲ. ಅದೇ ವಾರ 16 ಬಂದಿದ್ದ ಇಂಡಿಯ ತರುಣನೊಬ್ಬ ಮನೆಯಲ್ಲೇ ಗುಣವಾದ.

ಜೋಳದ ಹಗೇವು, ಅಂದರೆ ನೆಲದೊಳಗಿನ ಕಣಜ, ತೆಗೆಯುವಾಗ ನಮ್ಮಪ್ಪ ಹೇಳುತ್ತಿದ್ದ ಮಾತು ಆಗ ನೆನಪಾಯಿತು: 'ಮ್ಯಾಲಿನ ಹಿಡಿ ನೋಡಿ ತಳದ್ದು ಹೇಳಬ್ಯಾಡ.' ಗಂಟಲಿನ ಮಾದರಿಯೂ ಮೇಲಿನ ಹಿಡಿಯೇ. ಕೋವಿಡ್‌ನಲ್ಲಿ ಗಂಟಲಿನ ವೈರಸ್ ಲಕ್ಷಣ ಕಾಣುವ ಹೊತ್ತಿಗೆ ತುಂಬಿ, ಆಮೇಲೆ ಇಳಿಯುತ್ತದೆ. ಶ್ವಾಸಕೋಶ ಕೆಡುವುದು ಬಹುಪಾಲು ಎರಡನೇ ವಾರದಲ್ಲಿ, ದೇಹದ್ದೇ ಉರಿಯೂತದಿಂದ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಉರಿಯೂತ ತಗ್ಗಿಸುವ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರರಲ್ಲಿ ಒಂದು ಪಾಲು ಇಳಿಯಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಇದಲ್ಲದೆ ಮಾದರಿ ತೆಗೆಯುವ ಕಡ್ಡಿ ಸರಿಯಾಗಿ ಆಡಿಸದಿದ್ದರೆ, ದಾರಿಯಲ್ಲಿ ಐಸ್ ಕರಗಿದರೆ ಅಂಕಿಯೇ ಬದಲಾಗುತ್ತದೆ.

ಹಾಗಂತ ಅಂಕಿ ಸುಳ್ಳಲ್ಲ. ನ್ಯೂಯಾರ್ಕ್‌ನ ಎರಡು ಆಸ್ಪತ್ರೆಗಳಿಗೆ ದಾಖಲಾದ 678 ರೋಗಿಗಳ ಅಧ್ಯಯನದಲ್ಲಿ, ಸಿಟಿ 25ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 35 ಮಂದಿ ತೀರಿಕೊಂಡರು, 30ಕ್ಕಿಂತ ಹೆಚ್ಚಿದ್ದವರಲ್ಲಿ ಶೇ 6.2. ವೈರಸ್ ಹೊರೆ ಹೆಚ್ಚಿದ್ದರೆ ಅಪಾಯವೂ ಹೆಚ್ಚು ಎಂಬುದು ನೂರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಸತ್ಯ. ಆದರೆ ಆ ಶೇ 6.2ರಲ್ಲೂ ಯಾರದೋ ಅಪ್ಪ ಇರುತ್ತಾನೆ. ಒಬ್ಬ ರೋಗಿಯ ಕಾಯಿಲೆಯ ತೀವ್ರತೆಯನ್ನು ಸಿಟಿಯಿಂದ ಅಳೆಯಬೇಡಿ ಎಂದು ಐಸಿಎಂಆರ್ 2020ರ ಆಗಸ್ಟ್‌ನಲ್ಲೇ ತಿಳಿಸಿತ್ತು. ನಾನು ಅದನ್ನು ಓದಿಯೂ ಇದ್ದೆ. ಫೋನ್‌ನಲ್ಲಿ ಧೈರ್ಯ ಹೇಳುವ ಆತುರದಲ್ಲಿ ಮರೆತೆ.

ಈಗ ಊರಲ್ಲಿ ಯಾರಿಗಾದರೂ ಕೆಮ್ಮು-ಜ್ವರವೆಂದರೆ ಉಸಿರು ನೋಡುತ್ತೇನೆ. ಒಂದು ಮಾತು ಮುಗಿಸುವಷ್ಟರಲ್ಲಿ ದಮ್ಮು ಹತ್ತುತ್ತದೆಯೇ? ಬೆರಳಿಗೆ ಹಾಕಿದ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸುತ್ತದೆಯೇ? ಹೌದಾದರೆ ವರದಿಗೆ ಕಾಯದೆ ಆಸ್ಪತ್ರೆಗೆ ಕಳಿಸುತ್ತೇನೆ. ಇವೆಲ್ಲಕ್ಕೂ ಮೊದಲು, ಅಂದು ಆ ಮಗನಿಗೆ ಕೇಳದೆ ಬಿಟ್ಟದ್ದನ್ನು ಕೇಳುತ್ತೇನೆ: 'ಜ್ವರ ಬಂದು ಎಷ್ಟ ದಿನಾ ಆತ್ರೀ?'