ಮೋಡ ನೋಡಿ ಮುಂಗಡ ಕೊಡಿ

ನಮ್ಮ ಮಹಿಳಾ ಸಂಘಗಳು ಸೇರಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಬಯಲು ಮಾರಾಟ ಮೇಳ ನಡೆಸುತ್ತವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಸಂಡಿಗೆ, ಲಂಬಾಣಿ ಕಸೂತಿಯ ಚೀಲ, ಜೊತೆಗೆ ದಾವಣಗೆರೆ ಸೀಮೆಯಲ್ಲಿ ಇಲ್ಲದಿದ್ದರೆ ಜನವೇ ಸೇರದ ಮಂಡಕ್ಕಿ–ಮಿರ್ಚಿ. ಖರ್ಚಿನ ಪುಸ್ತಕ ನನ್ನ ಹತ್ತಿರ ಇರುವುದರಿಂದ ಏಪ್ರಿಲ್ ಬಂತೆಂದರೆ ನನಗೆ ಫೋನಿನ ಮೇಲೆ ಫೋನು: “ಅಕ್ಕಾ, ಟಿ.ವಿ.ಯಲ್ಲಿ ಹಳದಿ ಅಲರ್ಟ್ ಅಂತಿದಾರೆ. ಮೇಳ ಮಾಡೋದಾ, ಬಿಡೋದಾ?”

ನಾನು ತಿರುಗಿ ಕೇಳುವುದು ಒಂದೇ: “ಮಳೆ ಬಂದ್ರೆ ನಿಂದು ಎಷ್ಟು ದುಡ್ಡು ನೀರಲ್ಲಿ ಹೋಗುತ್ತೆ?” ಮಳೆ ಬರುತ್ತದೋ ಇಲ್ಲವೋ ಹೇಳುವುದು ಹವಾಮಾನ ಇಲಾಖೆಯ ಕೆಲಸ. ಬಂದರೆ ಎಷ್ಟು ನಷ್ಟ, ಬಾರದಿದ್ದರೆ ಎಷ್ಟು ನಷ್ಟ ಎಂಬ ಲೆಕ್ಕ ನಮ್ಮದು.

ಮೊದಲು ಅಲರ್ಟ್ ಏನು ಹೇಳುತ್ತದೆ ನೋಡೋಣ. ಇಲಾಖೆಯ ಪರಿಭಾಷೆಯಲ್ಲಿ ಭಾರಿ ಮಳೆ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ನಮ್ಮ ಮಳಿಗೆಗೆ ಅಷ್ಟೆಲ್ಲ ಬೇಕಿಲ್ಲ. ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಗಾಳಿ ಬೀಸಿ ನಾಲ್ಕು ಹನಿ ಬಿದ್ದರೆ ವ್ಯಾಪಾರ ಮುಗಿಯಿತು. ಆದ್ದರಿಂದ ಭಾರಿ ಮಳೆಯ ಅಲರ್ಟ್ ಇಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಇನ್ನು ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’ ಎನ್ನುತ್ತಾರಲ್ಲ, ಅವುಗಳ ಹಿಂದೆಯೂ ಅಳತೆಯಿದೆ. ಮಳೆಮಾಪನ ಕೇಂದ್ರಗಳ ಪೈಕಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ಒಂದೆರಡು ಕಡೆ, ಅರ್ಧದವರೆಗೆ ಕೆಲವೆಡೆ, ಮುಕ್ಕಾಲಿನವರೆಗೆ ಹಲವೆಡೆ.

ಮುನ್ಸೂಚನೆ ಬರುವುದು ಹೆಚ್ಚಾಗಿ ‘ದಾವಣಗೆರೆ ಜಿಲ್ಲೆ’ ಎಂದು. ಆದರೆ ಶಿವಮೊಗ್ಗದ ಮಗ್ಗುಲಿನ ನ್ಯಾಮತಿಯಿಂದ ಒಣಭೂಮಿಯ ಜಗಳೂರಿಗೆ ನೂರು ಕಿ.ಮೀ. ಆಸುಪಾಸು ದೂರ. ಆಷಾಢದ ಜಡಿಮಳೆಗೆ ನ್ಯಾಮತಿ, ಹೊನ್ನಾಳಿಯಲ್ಲಿ ಛತ್ರಿ ಮಡಚಲು ಬಿಡುವಿಲ್ಲದ ದಿನವೇ ಜಗಳೂರಿನ ರೈತ ಮೆಕ್ಕೆಜೋಳದ ಹೊಲದಲ್ಲಿ ನಿಂತು ಮೋಡ ನೋಡುತ್ತಿರುತ್ತಾನೆ. ಹಾಗಾಗಿ ನಾವು ಜುಲೈ–ಆಗಸ್ಟ್ ಮೇಳವನ್ನು ಜಗಳೂರಿಗೇ ಇಡುತ್ತೇವೆ. ಚನ್ನಗಿರಿಯಲ್ಲಿ ಅಡಿಕೆ ದುಡ್ಡು ಓಡಾಡುವ ಚಳಿಗಾಲ ವ್ಯಾಪಾರಕ್ಕೂ ಒಳ್ಳೆಯದು, ಆಕಾಶವೂ ತಿಳಿ.

ಏಪ್ರಿಲ್–ಮೇ ತಿಂಗಳ ಅಶ್ವಿನಿ, ಭರಣಿ ಮಳೆಯ ರೀತಿಯೇ ಬೇರೆ. ಬೆಳಗಿನಿಂದ ಕಾದ ನೆಲ ಮಧ್ಯಾಹ್ನದ ನಂತರ ಮೋಡ ಕಟ್ಟಿಸುತ್ತದೆ, ಹೆಚ್ಚಾಗಿ ಸಂಜೆಗೆ ಗುಡುಗು ಸಹಿತ ಸುರಿಯುತ್ತದೆ. ಇದಕ್ಕೆ ಮೇಳ ರದ್ದು ಮಾಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಎರಡರೊಳಗೆ ಗಂಟುಮೂಟೆ ಕಟ್ಟಿದರೆ ಅರ್ಧ ಅಪಾಯ ಕಳೆಯಿತು. ಅಕ್ಟೋಬರ್–ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಹಾಗಲ್ಲ. ಎರಡು ಮೂರು ದಿನ ಬಿಡದೆ ಹನಿಯುತ್ತದೆ. ಅದರ ಸುದ್ದಿ ಸಾಮಾನ್ಯವಾಗಿ ಮೂರ್ನಾಲ್ಕು ದಿನ ಮೊದಲೇ ಸಿಗುವುದರಿಂದ ಮೇಳ ಮುಂದೂಡುವುದೇ ಲಾಭ.

ಈಗ ದುಡ್ಡಿನ ಲೆಕ್ಕ. ಉದಾಹರಣೆಗೆ, ಬಟ್ಟೆ ಶಾಮಿಯಾನದ ಬದಲು ನೀರು ಸೋರದ ಟೆಂಟ್ ಹಾಕಿಸಲು 6,000 ರೂಪಾಯಿ ಹೆಚ್ಚು ಬೀಳುತ್ತದೆ ಎನ್ನಿ. ಟೆಂಟ್ ಇಲ್ಲದೆ ಮಳೆ ಬಂದರೆ 20,000 ರೂಪಾಯಿ ಸರಕು ಹಾಳು. 6,000ವನ್ನು 20,000ದಿಂದ ಭಾಗಿಸಿದರೆ ನೂರಕ್ಕೆ 30. ಮಳೆ ಬರುವ ಸಾಧ್ಯತೆ ಶೇ 30ಕ್ಕಿಂತ ಹೆಚ್ಚಿದ್ದರೆ ಟೆಂಟ್ ಹಾಕಿಸಿ, ಕಡಿಮೆ ಇದ್ದರೆ ಆ ದುಡ್ಡು ಉಳಿಸಿ. ಸ್ಟೀಲ್ ಪಾತ್ರೆ ಮಾರುವವಳಿಗೆ ನಷ್ಟ ಕಡಿಮೆ, ಅವಳು ಶೇ 60 ಇದ್ದರೂ ಧೈರ್ಯ ಮಾಡಬಹುದು. ಮಂಡಕ್ಕಿಯವಳಿಗೆ ಆಗದು. ಮಳೆ ಬೀಳುವ ಮೊದಲೇ ಥಂಡಿ ಗಾಳಿಗೆ ಬಾಯಿ ತೆರೆದ ಚೀಲದ ಮಂಡಕ್ಕಿ ಮೆತ್ತಗಾಗುತ್ತದೆ, ಗಿರಾಕಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಾನೆ. ಕಸೂತಿ ಚೀಲದ್ದು ಇನ್ನೊಂದು ಕಥೆ. ಒಮ್ಮೆ ನ್ಯಾಮತಿಯಲ್ಲಿ ಶಾಮಿಯಾನದ ಹೊಟ್ಟೆಯಲ್ಲಿ ನೀರು ತುಂಬಿ ಜೋತುಬಿತ್ತು. ಹುಡುಗನೊಬ್ಬ ಗಳುವಿನಿಂದ ಮೇಲಕ್ಕೆ ತಿವಿದಾಗ ನೀರೆಲ್ಲ ಮೂಲೆಯ ಮಳಿಗೆಗೆ ಸುರಿದು, ಕೆಂಪು ದಾರದ ಬಣ್ಣ ಬಿಳಿ ಬಟ್ಟೆಗೆ ಹತ್ತಿತು. ನಾನೂರರ ಚೀಲ ನೂರೈವತ್ತಕ್ಕೆ ಹೋಯಿತು. ಅಂದಿನಿಂದ ನಮ್ಮ ಮೇಳದಲ್ಲಿ ಮೂಲೆಯ ಜಾಗ ಪಾತ್ರೆಯವರಿಗೆ.

ಮುನ್ಸೂಚನೆ ದಿನ ಹತ್ತಿರವಾದಷ್ಟೂ ನಿಖರ. ಖರ್ಚನ್ನೂ ಅದೇ ಅಳತೆಯಲ್ಲಿ ಬಿಚ್ಚಬೇಕು. ಐದು ದಿನ ಮೊದಲು ಮೈದಾನಕ್ಕೆ, ಶಾಮಿಯಾನಕ್ಕೆ ಸಣ್ಣ ಮುಂಗಡ ಮಾತ್ರ. ಮಳೆಯಾದರೆ ಆ ಹಣ ಮುಂದಿನ ದಿನಾಂಕಕ್ಕೆ ಜಮೆ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ಹಿಂದಿನ ದಿನ ಎಷ್ಟು ಹಿಟ್ಟು ನಾದಬೇಕು, ಎಷ್ಟು ಮೆಣಸಿನಕಾಯಿ ತರಬೇಕು ಎಂಬ ತೀರ್ಮಾನ. ಅಂದು ಬೆಳಿಗ್ಗೆ ಇಲಾಖೆಯ ಮೂರು ಗಂಟೆಗಳ ಮುನ್ಸೂಚನೆ ನೋಡಿ, ಇಲ್ಲವೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ಕ್ಕೆ ಫೋನ್ ಮಾಡಿ, ಆಮೇಲೆ ಗೂಡ್ಸ್ ಆಟೊದಿಂದ ಸರಕು ಇಳಿಸಿ. ಆಗಲೇ ಕೊಟ್ಟ ಮುಂಗಡ ವ್ಯರ್ಥವಾಗುತ್ತದೆಂದು ಮಳೆಯಲ್ಲಿ ಮೇಳ ನಡೆಸಬೇಡಿ. ಆ ದುಡ್ಡು ಹೋಯಿತು, ಅದರ ಹಿಂದೆ ಸರಕನ್ನೂ ಕಳುಹಿಸುವುದು ಬೇಡ.

ಇಡೀ ಹಂಗಾಮಿನ ಮುನ್ಸೂಚನೆಯನ್ನು ನಂಬಿ ಸಾಲ ಮಾಡಿ ಸರಕು ತುಂಬುವವರಿಗೆ 2023 ನೆನಪಿರಲಿ. ದೇಶಕ್ಕೆ ವಾಡಿಕೆಯ ಶೇ 96 ಮುಂಗಾರು ಎಂದು ಏಪ್ರಿಲ್‌ನಲ್ಲಿ ಇಲಾಖೆ ಹೇಳಿತ್ತು, ಬಿದ್ದದ್ದು ಶೇ 94. ದೇಶದ ಲೆಕ್ಕ ಹೆಚ್ಚು ತಪ್ಪಲಿಲ್ಲ. ಆದರೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮೇಳದ ದಿನ ಬಿಸಿಲೇ ಇದ್ದರೂ ಗಿರಾಕಿಯ ಜೇಬಿನಲ್ಲಿ ದುಡ್ಡಿರುವುದಿಲ್ಲ. 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಬೀದಿ ವ್ಯಾಪಾರಿಗಳಿಗೆ ಮೀಟರ್ ಬಡ್ಡಿಗಿಂತ ಎಷ್ಟೋ ವಾಸಿ, ನಿಜ. ಆದರೂ ಮಳೆ ಬಂತೆಂದು ಕಂತು ನಿಲ್ಲುವುದಿಲ್ಲ. ನಮ್ಮ ಸಂಘದಲ್ಲಿ ಪ್ರತಿ ಮೇಳದ ಲಾಭದಲ್ಲಿ ನೂರಕ್ಕೆ ಐದು ರೂಪಾಯಿ ‘ಮಳೆ ನಿಧಿ’ಗೆ ಹಾಕುತ್ತೇವೆ. ಮೇಳ ರದ್ದಾದ ತಿಂಗಳ ಕಂತು ಅದರಿಂದಲೇ ಕಟ್ಟುವುದು. ನೀವೂ ಇಂಥದ್ದೊಂದು ನಿಧಿ ಶುರು ಮಾಡಿ.

ಸಿಡಿಲಿನ ಎಚ್ಚರಿಕೆ ಬಂದಾಗ ಮಾತ್ರ ಈ ಯಾವ ಲೆಕ್ಕವೂ ಬೇಡ. ‘ದಾಮಿನಿ’ ಆ್ಯಪ್ ಎಚ್ಚರಿಸಿತೋ, ಗುಡುಗು ಕೇಳಿಸಿತೋ, ಸರಕು ಇದ್ದಲ್ಲೇ ಬಿಟ್ಟು ಜನರನ್ನು ಪಕ್ಕಾ ಕಟ್ಟಡದೊಳಗೆ ಕಳುಹಿಸಿ.