ಅತ್ತೆ ಹೊರಗೆ ಕೂತಿರಲಿ

ಕೌಟುಂಬಿಕ ದೌರ್ಜನ್ಯ ಅಂದರೆ ನಮ್ಮ ನರ್ಸಿಂಗ್ ಹುಡುಗಿಯರಿಗೆ ಪರೀಕ್ಷೆಯ ಒಂದು ಪ್ರಶ್ನೆ. 2005ರ ಕಾಯ್ದೆ, ಹಿಂಸೆಯ ಬಗೆಗಳು, ಎಲ್ಲ ಬಾಯಿಪಾಠ. ಅದೇ ಹುಡುಗಿ ಒಪಿಡಿಯಲ್ಲಿ ಬಸುರಿಯ ತೋಳಿನ ಮೇಲೆ ಬೆರಳಚ್ಚು ಕಂದಿ ನಿಂತದ್ದು ಕಂಡರೆ, ಬಿಪಿ ಪಟ್ಟಿಯನ್ನು ಇನ್ನೊಂದು ತೋಳಿಗೆ ಸುತ್ತಿ ಸುಮ್ಮನಾಗುತ್ತಾಳೆ.

ಪ್ರಸೂತಿ ಶುಶ್ರೂಷೆ ಕಲಿಸುತ್ತ ನನಗೆ ಮನವರಿಕೆಯಾದದ್ದು, ಪ್ರಶ್ನೆಗಿಂತ ಮೊದಲು ಅದನ್ನು ಕೇಳುವ ಜಾಗ ಸಿಗಬೇಕು. ತಪಾಸಣೆಗೆ ಬಸುರಿ ಒಬ್ಬಳೇ ಬರುವುದು ಅಪರೂಪ. ಅತ್ತೆಯೋ ಗಂಡನೋ ಪಕ್ಕದಲ್ಲೇ ನಿಂತು ಎಲ್ಲಕ್ಕೂ ತಾವೇ ಉತ್ತರ ಕೊಡುತ್ತಾರೆ. ಅವರೆದುರು ಕೇಳಿದರೆ ಅವಳಿಗೆ ರಾತ್ರಿ ಇನ್ನೆರಡು ಏಟು ಹೆಚ್ಚು. ಅನುಮಾನ ಬಂದವರನ್ನಷ್ಟೇ ಒಳಗೆ ಕರೆದರೂ ಗುಟ್ಟು ರಟ್ಟು. ಅದಕ್ಕೇ ಪರದೆಯೊಳಗೆ ಎಲ್ಲರೂ ಒಬ್ಬೊಬ್ಬರೇ. "ಅಮ್ಮಾ, ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಎಲ್ರಿಗೂ ಇದೇ ರೂಲ್ಸು" ಅನ್ನುವುದನ್ನು ನಗುತ್ತ, ಅಳುಕದೆ ಹೇಳಲು ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತೇನೆ. ಅತ್ತೆಯ ಪಾತ್ರ ನನ್ನದೇ, ಸುಲಭಕ್ಕೆ ಏಳುವುದಿಲ್ಲ.

ಬಸುರಿ ಬಾಯಿಬಿಟ್ಟಳು ಅನ್ನಿ. "ಹೊಂದ್ಕೊಂಡು ಹೋಗಕ್ಕಾ, ಮಗು ಆದ್ಮೇಲೆ ಸರಿಹೋಗ್ತಾರೆ" ಅನ್ನುವ ಬುದ್ಧಿಮಾತು ಹುಡುಗಿಯರ ನಾಲಗೆಯಲ್ಲಿ ತಾನಾಗಿ ಬರುತ್ತದೆ, ಮನೆಯಲ್ಲಿ ಕೇಳಿದ್ದೇ ಅದು. ಕಾನೂನು ಓದಿದ ಹುರುಪಿನವರದು ಇನ್ನೊಂದು ಅತಿ: "ಬಿಟ್ಟು ಬಂದ್ಬಿಡಿ." ಮನೆ ಬಿಡುವ ಹೊತ್ತೇ ಬಹಳ ಸಲ ಹೆಚ್ಚು ಅಪಾಯದ್ದು. "ಇದು ನಿಮ್ಮ ತಪ್ಪಲ್ಲ. ಇವತ್ತು ಮನೆಗೆ ಹೋಗೋಕೆ ಭಯ ಇದೆಯಾ?" ಇಷ್ಟು ಕೇಳಿ, ಕಿವಿಗೊಡಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅಂಥ ಮನೆಗಳ ಮಕ್ಕಳು ನನ್ನ ಬೆಂಚುಗಳಲ್ಲೂ ಕೂತಿರುತ್ತಾರೆ. ಪಾಠದ ನಡುವೆ ಯಾರು ಎದ್ದುಹೋದರೂ ಕಾರಣ ಕೇಳುವುದಿಲ್ಲ.

ಬರೆಯುವುದರಲ್ಲೂ ಎಚ್ಚರ ಬೇಕು. ತಾಯಿ ಕಾರ್ಡಿನಲ್ಲಿ ಒಂದಕ್ಷರವೂ ಕೂಡದು, ಅದು ಮನೆಗೆ ಹೋಗುತ್ತದೆ, ಎಲ್ಲರೂ ತಿರುವಿ ನೋಡುತ್ತಾರೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಮಾತ್ರ, ಅವಳ ಮಾತಿನಲ್ಲೇ: "ಗಂಡ ಹೊಟ್ಟೆಗೆ ಒದ್ದರು ಎಂದು ಹೇಳುತ್ತಾರೆ." ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ ಅನ್ನುವುದೂ ಇರಲಿ. ಸಹಾಯವಾಣಿ 181ನ್ನು ಚೀಟಿಯಲ್ಲಿ ಬರೆದುಕೊಡುವ ಬದಲು ಬಾಯಲ್ಲೇ ಹೇಳಿದರೆ ಸಾಕು, ಮೂರೇ ಅಂಕಿ.

ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಮೊದಲು ಪೊಲೀಸ್ ಠಾಣೆಗೇ ಹೋಗಬೇಕೆಂದೂ ಇಲ್ಲ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೇ ಆ ಕಾಯ್ದೆಯಡಿ ಸಂರಕ್ಷಣಾಧಿಕಾರಿ. ಅವರಿಗೆ ಹೋಗುವ ಕೌಟುಂಬಿಕ ಘಟನಾ ವರದಿಯನ್ನು ಹುಡುಗಿಯರಿಂದ ತುಂಬಿಸಿ ತಿದ್ದುತ್ತೇನೆ. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ 'ಸಖಿ' ಕೇಂದ್ರಕ್ಕೂ ಕರೆದೊಯ್ಯುತ್ತೇನೆ, ಅಲ್ಲಿನವರ ಮುಖಪರಿಚಯ ಇದ್ದರೆ ಫೋನು ಮಾಡಲು ಸಂಕೋಚವಿರುವುದಿಲ್ಲ.

ಪಠ್ಯದಲ್ಲಿ ಕಾಣದ ತೊಡಕೊಂದಿದೆ. ಏಳು ತುಂಬಿದ ಮೇಲೆ ಬಸುರಿ ಹೆರಿಗೆಗೆಂದು ತವರಿಗೆ ಹೋಗಿ ನಮ್ಮ ಕಣ್ಣಿಂದ ಮರೆಯಾಗುತ್ತಾಳೆ. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ ಮೇಲೆ, ಒಂಬತ್ತು ತಿಂಗಳ ಮಗುವಿಗೆ ದಡಾರದ ಲಸಿಕೆ ಹಾಕಿಸಲು ಬರುತ್ತಾಳೆ. ಅವತ್ತೂ ಅತ್ತೆಯನ್ನು ಹೊರಗೆ ಕೂರಿಸಿ ಮತ್ತೊಮ್ಮೆ ಕೇಳಿ ಅಂತ ಹೇಳಿಕೊಡುತ್ತಿದ್ದೇನೆ.