ತಂತಿಯ ಬಿಗಿ

ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವನ್ನಾಗಿ ಭಾವಿಸಿದ ವಚನದಲ್ಲಿ ದಂಡಿಗೆ, ಸೋರೆಗಳೊಡನೆ ನರಗಳು ತಂತಿಗಳಾಗಿ ಬರುತ್ತವೆ. ಓದುವವರು ಇಲ್ಲಿ ಭಕ್ತಿಯ ಪಾರವಶ್ಯವನ್ನಷ್ಟೇ ಗ್ರಹಿಸಿ ಮುಂದೆ ಸಾಗುವುದುಂಟು. ವೀಣೆಯನ್ನು ಬಲ್ಲವನಿಗಾದರೋ ತಂತಿಯೆಂದೊಡನೆ ನೆನಪಾಗುವುದು ಅದರ ಬಿಗಿ. ತಂತ್ರೀ ಶಬ್ದವು ಹಬ್ಬು, ಚಾಚು ಎಂಬ ಅರ್ಥದ ‘ತನ್’ ಧಾತುವಿನಿಂದ ಬಂದುದು. ದೇಹವಾಚಕವಾದ ತನು ಶಬ್ದಕ್ಕೂ ಅದೇ ಮೂಲ. ಎಳೆದು ಕಟ್ಟದ ತಂತಿ ಬರಿಯ ಲೋಹದ ಎಳೆ.

ಬಿಗಿ ಹೆಚ್ಚಿದಂತೆ ಶ್ರುತಿ ಏರುವುದೆಂಬುದು ಸರ್ವವಿದಿತ. ಎಷ್ಟು ಬಿಗಿಗೆ ಎಷ್ಟು ಏರುವುದೆಂಬುದನ್ನು ಫ್ರಾನ್ಸ್ ದೇಶದ ಮೆರ್ಸೆನ್ ಎಂಬ ಪಂಡಿತನು 1636ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ತಂತಿಯ ಕಂಪನಸಂಖ್ಯೆಯು ಬಿಗಿಯ ವರ್ಗಮೂಲವನ್ನು ಅನುಸರಿಸುತ್ತದೆ. ಆದುದರಿಂದ ಷಡ್ಜದ ತಂತಿಯನ್ನು ತಾರಷಡ್ಜಕ್ಕೇರಿಸಲು ಬಿಗಿ ಇಮ್ಮಡಿಯಾದರೆ ಸಾಲದು, ನಾಲ್ಮಡಿಯಾಗಬೇಕು. ಪಂಚಮಕ್ಕೇರಿಸಲು 2¼ ಪಟ್ಟು ಬೇಕು. ಅರ್ಧ ಸ್ವರಕ್ಕೂ ನೂರಕ್ಕೆ ಸುಮಾರು 12ರಷ್ಟು ಹೆಚ್ಚು ಬಿಗಿ ಬೇಕಾಗುತ್ತದೆ. ಬಿರಡೆಯನ್ನು ಕಂಡೊಡನೆ ತಿರುಗಿಸುವ ಉತ್ಸಾಹಿಗಳು ಇದನ್ನು ತಂತಿ ಹರಿದ ಮೇಲೆ ತಿಳಿಯುತ್ತಾರೆ!

ಬೆರಳಿಗೆ ಈ ಭೇದವು ಕಿವಿಗಿಂತ ಮೊದಲೇ ಗೊತ್ತಾಗುತ್ತದೆ. ವೀಣೆಯ ತಂತಿ ಸಡಿಲವಾಗಿದ್ದರೆ ಅಲ್ಪ ಎಳೆತಕ್ಕೇ ಸ್ವರವು ಬಹಳ ಏರುತ್ತದೆ. ಗಮಕವು ಸುಲಭವೆನಿಸಿದರೂ ಒತ್ತು ಸ್ವಲ್ಪ ಹೆಚ್ಚಾದರೆ ಸ್ವರ ತಪ್ಪುತ್ತದೆ. ಮೀಟಿದಾಗ ತಂತಿ ಅಗಲವಾಗಿ ಆಡಿ ಮೆಟ್ಟುಗಳಿಗೆ ತಗುಲಿ ಗರಗರ ಎನ್ನುತ್ತದೆ. ಬಿಗಿ ಅತಿಯಾದರೆ ನಾದವು ಸ್ಫುಟವಾಗುತ್ತದೆ, ಸ್ವರ ಕದಲುವುದಿಲ್ಲ. ಆದರೆ ಗಮಕಕ್ಕೆ ತಂತಿಯನ್ನು ದೂರ ಎಳೆಯಬೇಕಾಗಿ ಬೆರಳು ನೋಯುತ್ತದೆ. ಅಂತಹ ವೀಣೆಯಲ್ಲಿ ಕಲಿಯತೊಡಗಿದ ಮಕ್ಕಳು ವಿದ್ಯೆಯನ್ನೇ ಬಿಟ್ಟರೆ ತಪ್ಪು ಮಕ್ಕಳದಲ್ಲ.

ಬಿಗಿ ಹೆಚ್ಚಿಸದೆ ಶ್ರುತಿಯನ್ನೇರಿಸುವ ಉಪಾಯವೂ ಉಂಟು. ತಂತಿಯ ದಪ್ಪವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಅದೇ ಬಿಗಿಯಲ್ಲಿಯೇ ಶ್ರುತಿಯು ಹೆಚ್ಚುಕಡಮೆ ಒಂದು ಪೂರ್ಣ ಸ್ವರ ಮೇಲಕ್ಕೆ ಹೋಗುತ್ತದೆ. ಕುದುರೆಯ ಮೇಲಿನ ಭಾರ ಹೆಚ್ಚದು, ಬೆರಳಿಗೆ ಶ್ರಮವಿಲ್ಲ. ಆದರೆ ಇದಕ್ಕೂ ಮಿತಿಯುಂಟು. ಒಂದೇ ಲೋಹದ, ಒಂದೇ ಉದ್ದದ ತಂತಿಗಳು ದಪ್ಪವಿರಲಿ ತೆಳುವಿರಲಿ ಹೆಚ್ಚುಕಡಮೆ ಒಂದೇ ಶ್ರುತಿಯಲ್ಲಿ ಹರಿಯುತ್ತವೆ. ಅದನ್ನು ಮೀರಬೇಕಾದರೆ ಉದ್ದವನ್ನೇ ಕಡಮೆ ಮಾಡಬೇಕು.

ವಚನ ಹಾಡುವಾಗ ಮನೆಗಳಲ್ಲಿ ಹಿಡಿಯುವ ತಂಬೂರಿಗೂ ಇದೇ ನಿಯಮ. ಸ್ತ್ರೀಯರ ಕಂಠಕ್ಕೆಂದು ಮಾಡುವ ತಂಬೂರಿಯು ಗಿಡ್ಡವಾಗಿರುವುದಕ್ಕೆ ಕಾರಣವಿದೇ. ಮನೆಯಲ್ಲಿ ಉದ್ದನೆಯ ತಂಬೂರಿ ಒಂದೇ ಇದೆಯೆಂದು ಹೆಣ್ಣುಮಕ್ಕಳ ಕಂಠವನ್ನು ಅದರ ಶ್ರುತಿಗೆ ಇಳಿಸುವುದು ಕೆಲವೆಡೆ ರೂಢಿಯಲ್ಲಿದೆ. ಇದು ಸರಿಯಲ್ಲ. ಗಿಡ್ಡ ತಂಬೂರಿಯೊಂದನ್ನು ತರಿಸುವುದು, ಅದು ಆಗದಿದ್ದರೆ ಇರುವುದಕ್ಕೇ ತೆಳುವಾದ ತಂತಿ ಹಾಕಿಸಿ ಏರುವಷ್ಟು ಏರಿಸಿಕೊಳ್ಳುವುದು ಯುಕ್ತ.